ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದವರು

ಸಂಪತ್ ಸರ್ ಯಾರ ಮನೆಗೆ ಹೋದರೂ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಕುರ್ಚಿ ಟಿವಿಯ ಕಡೆ ಮುಖ ಮಾಡಿದ್ದರೆ ಎತ್ತಿ ತಿರುಗಿಸಿಕೊಳ್ಳುತ್ತಿದ್ದರು. ಸೋಫಾ ಇದ್ದರೆ ಅದನ್ನು ಮನೆಯವರಿಗೇ ಬಿಟ್ಟು, ಟಿವಿ ಸ್ಟ್ಯಾಂಡಿನ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು, ಎಲ್ಲರ ಮುಖ ಕಾಣುವ ಹಾಗೆ ಕೂತುಬಿಡುತ್ತಿದ್ದರು. ಮೊದಲ ಸಲ ಕಂಡವರಿಗೆ ಇದರಿಂದ ಮುಜುಗರ. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು "ಈ ಕಡೆ ಬನ್ನಿ ಸಾರ್, ಅಲ್ಲಿಂದ ಕಾಣಲ್ಲ" ಅನ್ನುತ್ತಿದ್ದರು. ಇವರು, "ಪರವಾಗಿಲ್ಲ, ನಂಗೆ ಇಲ್ಲಿಂದಾನೇ ಚೆನ್ನಾಗಿ ಕಾಣತ್ತೆ" ಎಂದು ಮಂಡಿಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮನೆಯವರು ಅವರನ್ನು ಮರೆಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದೂ ಅದೇ.

ಅವರ ಹೆಂಡತಿ ಪದ್ಮಮ್ಮನವರು ಈ ಅಭ್ಯಾಸದ ಬಗ್ಗೆ ಹೇಳುತ್ತಿದ್ದುದು ಹೀಗೆ: "ಮೂವತ್ತು ವರ್ಷದಿಂದ ನಾನು ಧಾರಾವಾಹಿ ನೋಡ್ತೀನಿ, ಇವರು ನನ್ನ ನೋಡ್ತಾರೆ. ಹೊರಗಿನೋರು ಏನೋ ಪ್ರೀತಿ ಅಂದ್ಕೋತಾರೆ. ಅಡ್ವರ್ಟೈಸ್‌ಮೆಂಟ್ ಬಂದಾಗ ಮಾತ್ರ ನೋಡೋದು ಕಣೇ ಈ ಮನುಷ್ಯ."

ಅವರ ಕೆಲಸವೇ ಅದಾಗಿತ್ತು. ಶಿವರಾಂಪೇಟೆಯಲ್ಲಿ, ಒಂದು ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಆಫೀಸು. ಮೈಸೂರಿನ ಅಂಗಡಿಗಳಿಗೆ, ಸಣ್ಣಪುಟ್ಟ ಕಾರ್ಖಾನೆಗಳಿಗೆ ಟಿವಿ ಜಾಹೀರಾತು ಮಾಡಿಕೊಡುತ್ತಿದ್ದರು. ಬರೆಯುವುದು, ಚಿತ್ರೀಕರಿಸುವುದು, ಆಮೇಲೆ ಅದನ್ನು ನಮ್ಮೂರಿನ ಕೇಬಲ್ ಚಾನೆಲ್ಲಿನಲ್ಲಿ ಯಾವ ಹೊತ್ತಿಗೆ ಹಾಕಿಸಬೇಕೆಂದು ಹೇಳುವುದು, ಎಲ್ಲವೂ ಅವರದೇ. ಆ ಕೊನೆಯ ಕೆಲಸಕ್ಕಾಗಿ ಮನೆಮನೆಗೆ ಹೋಗಿ ಕೂರುತ್ತಿದ್ದರು. ಸಂಜೆ ಐದಾದರೆ ಸ್ಕೂಟರು ತೆಗೆದು, ದಾರಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡು, ಪರಿಚಯದವರ ಮನೆಯೊಂದಕ್ಕೆ ಹೊರಡುತ್ತಿದ್ದರು. ಬ್ರೇಕ್ ಬಂದಾಗ ಯಾರ ಕೈ ಮೊದಲು ರಿಮೋಟಿಗೆ ಹೋಗುತ್ತದೆ, ಯಾರು ಎದ್ದು ಒಲೆ ನೋಡಿಕೊಂಡು ಬರುತ್ತಾರೆ, ಯಾವ ಜಾಹೀರಾತಿಗೆ ಮಗು ಬಾಯಿ ಆಡಿಸುತ್ತದೆ, ಎಲ್ಲ ಅವರ ತಲೆಯಲ್ಲಿ ಉಳಿಯುತ್ತಿತ್ತು. ಒಂದಕ್ಷರ ಬರೆದುಕೊಳ್ಳುತ್ತಿರಲಿಲ್ಲ. "ಪೆನ್ನು ತೆಗೆದ್ರೆ ಅವರು ನಾಟಕ ಶುರು ಮಾಡ್ತಾರಮ್ಮ" ಎನ್ನುತ್ತಿದ್ದರು. "ಟಿವಿ ನೋಡಿ ನಾವೇನು ಕಲೀಬೇಕು? ಅದ್ರಲ್ಲಿ ಬರೋದು ನಾವು ಮಾಡಿದ್ದೇ ತಾನೇ. ನೋಡೋರ್ನ ನೋಡ್ಬೇಕು."

ಎತ್ತರದ ಆಳು. ಆ ಎತ್ತರಕ್ಕೆ ತಾವೇ ನಾಚಿಕೊಂಡವರ ಹಾಗೆ ಸ್ವಲ್ಪ ಬಗ್ಗಿ ನಡೆಯುತ್ತಿದ್ದರು. ಅರ್ಧ ತೋಳಿನ ಬಿಳಿ ಶರ್ಟು, ಬೆವರು ಮುಟ್ಟದಂತೆ ಕಾಲರಿನೊಳಗೆ ಮಡಚಿಟ್ಟ ಕರವಸ್ತ್ರ. ಅವರ ತಾತ ಅರಮನೆಯಲ್ಲಿ ಪತ್ರ ಬರೆಯುವ ಕೆಲಸದಲ್ಲಿದ್ದವರಂತೆ. ಮನೆತನದ ಈ ಸಂಗತಿಯನ್ನು ಬೇರೆಯವರು ಎತ್ತಿದರೆ ಇವರು ಹೇಳುತ್ತಿದ್ದ ಮಾತು ಒಂದೇ. "ತಾತನೂ ಅಡ್ವರ್ಟೈಸ್‌ಮೆಂಟೇ ಬರೀತಿದ್ದಿದ್ದು, ದಸರಾಗೆ ದಯಮಾಡಿಸಿ ಅಂತ. ಅವರಿಗೆ ಜನ ತಾವಾಗೇ ಬಂದ್ಬುಡೋರು. ನಂಗೆ ಆ ಅನುಕೂಲ ಇಲ್ಲ."

ನಾನು ಅವರಲ್ಲಿಗೆ ಹೋದದ್ದು ಕನ್ನಡ ಟೈಪಿಂಗ್ ಕೆಲಸಕ್ಕೆ. ಮಂಡಕಳ್ಳಿಯ ವಿಮಾನ ನಿಲ್ದಾಣದ ಬೇಲಿಯಾಚೆ ನಮ್ಮ ಹೊಲ. ಅಪ್ಪ ಸೊಪ್ಪು ಬೆಳೆಯುತ್ತಿದ್ದರು. ನಮ್ಮ ಕಡೆಯ ಮಾತಿನಲ್ಲಿ ಪದದ ಮೊದಲಿಗೆ ಬರುವ 'ಹ' ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೆಂಗೆ ಎಂಗಾಗುತ್ತದೆ. ಬರೆಯುವಾಗ ನನ್ನಿಂದ ಒಂದು ತಪ್ಪೂ ಆಗುತ್ತಿರಲಿಲ್ಲ, ಬಾಯಿ ತೆರೆದರೆ ಊರು ಹೊರಬರುತ್ತಿತ್ತು. ಕಾಲೇಜಿನಲ್ಲಿ ಇದಕ್ಕಾಗಿ ಎಷ್ಟು ನಗೆಪಾಟಲಾಗಿದ್ದೆನೆಂದರೆ, ಮೂರು ವರ್ಷ ತರಗತಿಯಲ್ಲಿ ನಾನಾಗಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

ಸೇರಿ ಎರಡು ತಿಂಗಳಾಗಿತ್ತು. ಹುರಿಹಿಟ್ಟು ತಯಾರಿಸುವವರೊಬ್ಬರ ಜಾಹೀರಾತಿಗೆ ಸರ್ ಬರೆದದ್ದನ್ನು ನಾನು ಟೈಪ್ ಮಾಡಿ, ತಪ್ಪು ನೋಡಲೆಂದು ಗಟ್ಟಿಯಾಗಿ ಓದುತ್ತಿದ್ದೆ. 'ಹಸಿವಾದಾಗ ಹುರಿಹಿಟ್ಟು, ಹಾಲಿಗೆ ಹಾಕಿ ಒಂದು ಹಿಡಿ' ಎಂದಿತ್ತು. ನನ್ನ ಬಾಯಲ್ಲಿ ಅದು 'ಅಸಿವಾದಾಗ ಉರಿಹಿಟ್ಟು, ಆಲಿಗಾಕಿ ಒಂದಿಡಿ' ಎಂದಾಯಿತು. ಸರ್ ಕಿಟಕಿಯ ಹತ್ತಿರ ನಿಂತಿದ್ದವರು ತಿರುಗಿದರು.

"ಇನ್ನೊಂದ್ಸಲ ಓದಮ್ಮ."

"ತಪ್ಪಾಯ್ತಾ ಸರ್?"

"ನೀನು ಓದು."

ಓದಿದೆ. ಇನ್ನೊಮ್ಮೆ ಓದಿಸಿದರು. ನಗುತ್ತಾರೆಂದು ಕಾದೆ. ಅವರು ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಪ್ರಕಾಶನನ್ನು ಕರೆದು, "ಮೈಕ್ ತಗೊಂಬಾ, ಮಂಜುಳ ಓದ್ತಾಳೆ" ಎಂದರು. ನಾನು ಅಳುವುದೊಂದು ಬಾಕಿ. "ಸರ್, ನನ್ನ ಬಾಯಲ್ಲಿ ಅದು ನಿಲ್ಲಲ್ಲ, ಜನ ನಗ್ತಾರೆ" ಎಂದೆ.

"ನಿಮ್ಮನೇಲಿ ಹುರಿಹಿಟ್ಟು ತಿಂತೀರಾ?"

"ದಿನಾ ತಿಂತೀವಿ."

"ಅದನ್ನ ಬೆಂಗಳೂರಿಂದ ಯಾರೋ ಕರೆಸಿ ಓದಿಸಿದ್ರೆ, ಆ ಯಮ್ಮ ಜೀವಮಾನದಲ್ಲಿ ತಿಂದಿರಲ್ಲ. ಕೇಳೋರಿಗೆ ಗೊತ್ತಾಗ್ಬುಡತ್ತೆ ಕಣಮ್ಮ. ನೀನು ಓದು."

ಹುರಿಹಿಟ್ಟಿನ ಯಜಮಾನರು ಕೇಳಿ ಕೆಂಪಗಾದರು. "ಏನ್ರೀ ಇದು, ಉರಿಹಿಟ್ಟು ಅಂದ್ರೆ ಹೊಟ್ಟೆ ಉರಿಯೋ ಹಿಟ್ಟು ಅಂದ್ಕೊಳಲ್ವಾ ಜನ?" ಎಂದರು. ಸರ್ ಶಾಂತವಾಗಿ, ಒಂದು ವಾರ ಹೋಗಲಿ, ಸರಿಬರದಿದ್ದರೆ ನಾನೇ ತೆಗೆಸಿ ಬೇರೆ ಮಾಡಿಕೊಡುತ್ತೇನೆ ಎಂದರು. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯ ಮಕ್ಕಳು ಕುಂಟಾಬಿಲ್ಲೆ ಆಡುತ್ತ 'ಅಸಿವಾದಾಗ ಉರಿಹಿಟ್ಟು' ಎಂದು ಕುಣಿಯುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಟಿಕೆಟ್ ಕೇಳಿದೆ. ಕಂಡಕ್ಟರು ದನಿ ಕೇಳಿ ನನ್ನ ಮುಖ ನೋಡಿ, "ನೀವು ಉರಿಹಿಟ್ಟಿನೋರಲ್ವಾ?" ಎಂದ. ಆವತ್ತು ಬಸ್ಸಿಳಿದು ಮನೆಯವರೆಗೆ ನಾನು ನಡೆದದ್ದು ನೆಲದ ಮೇಲಲ್ಲ. ಯಜಮಾನರು ಐದು ವರ್ಷ ಆ ದನಿಯನ್ನು ಬದಲಿಸಲು ಬಿಡಲಿಲ್ಲ. ನಾನು ಟೈಪಿಂಗ್ ಬಿಟ್ಟು, ಬರೆಯುವುದಕ್ಕೂ ಓದುವುದಕ್ಕೂ ಕೂತೆ. ಯಾರೆದುರಿಗಾದರೂ ಮಾತಾಡುವ ಧೈರ್ಯ ಬಂದದ್ದು ಹಾಗೆ.

ಆ ಕಾಲದಲ್ಲಿ ಸಂಜೆ ಏಳೂವರೆಗೆ ಸಿದ್ಧಾರ್ಥನಗರದಲ್ಲಿ ಸರ್ ಮನೆಯ ಬೀದಿಯಲ್ಲಿ ನಡೆದರೆ, ಒಂದೇ ಧಾರಾವಾಹಿಯ ಮಾತು ಮನೆಯಿಂದ ಮನೆಗೆ ಕಡಿಯದೆ ಕೇಳಿಸುತ್ತಿತ್ತು. ಆಮೇಲಾಮೇಲೆ ಬೀದಿ ಸದ್ದಡಗಿತು. ಒಂದು ಮನೆಯಲ್ಲಿ ಟಿವಿ ಇದ್ದರೂ ನೋಡುವವರಿಲ್ಲ, ಇನ್ನೊಂದರಲ್ಲಿ ಕೇಬಲ್ಲೇ ತೆಗೆಸಿದ್ದಾರೆ, ಮತ್ತೊಂದರಲ್ಲಿ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಅವರವರ ಫೋನಿನಲ್ಲಿ. ಅಂಗಡಿಯವರು ಒಬ್ಬೊಬ್ಬರಾಗಿ, "ಸಂಪತ್ ಅವ್ರೇ, ಟಿವಿ ಯಾರ್ ನೋಡ್ತಾರೆ ಈಗ?" ಎಂದು ಕೇಳಲು ಶುರುಮಾಡಿದರು. ಬೇರೆ ಯಾರಾದರೂ ಆಗಿದ್ದರೆ, ಎಲ್ಲರೂ ನೋಡುತ್ತಾರೆ ಎಂದು ವಾದಕ್ಕಿಳಿಯುತ್ತಿದ್ದರು. ಇವರು, "ನೋಡ್ಕೊಂಡ್ ಬಂದು ಹೇಳ್ತೀನಿ" ಎನ್ನುತ್ತಿದ್ದರು. ಹೇಳಿದ ಹಾಗೆ ಹೋಗಿಯೂ ನೋಡುತ್ತಿದ್ದರು.

ಅದೇ ನಮಗೆ ಮುಳುವಾಯಿತು. ಟ್ಯೂಷನ್ ಸೆಂಟರ್ ನಡೆಸುತ್ತಿದ್ದ ಮೇಷ್ಟ್ರೊಬ್ಬರು ವರ್ಷವಿಡೀ ಜಾಹೀರಾತು ಕೊಡುತ್ತಿದ್ದರು. ನಮ್ಮ ಆಫೀಸು ನಿಂತಿದ್ದದ್ದೇ ಅವರ ಮೇಲೆ ಎನ್ನಬಹುದು. ಅವರೂ ಅದೇ ಪ್ರಶ್ನೆ ಕೇಳಿದರು. ಸರ್ ಪಿಯುಸಿ ಮಕ್ಕಳಿರುವ ಮನೆಗಳಿಗೆ ಹೋಗಿ ಕೂತು ಬಂದರು. ಆಮೇಲೆ ಮೇಷ್ಟ್ರನ್ನು ಆಫೀಸಿಗೇ ಕರೆಸಿ, ಕಾಫಿ ಕೊಟ್ಟು, ನನ್ನೆದುರಿಗೇ ಹೇಳಿದರು.

"ಮೇಷ್ಟ್ರೇ, ನಿಮ್ಮ ಆ್ಯಡು ಬರೋ ಹೊತ್ತಿಗೆ ಪಿಯುಸಿ ಮಕ್ಕಳಿರೋ ಮನೇಲಿ ಟಿವಿ ಆಫ್ ಮಾಡಿರ್ತಾರೆ. ಮಕ್ಕಳು ಓದ್ಲಿ ಅಂತ ಅಪ್ಪ ಅಮ್ಮನೂ ನೋಡಲ್ಲ. ನೋಡ್ತಿರೋದು ಮಕ್ಕಳಿಲ್ಲದ ಮನೆಯೋರು. ನಿಲ್ಲಿಸ್ಬುಡಿ."

ಮೇಷ್ಟ್ರು ಕಾಫಿ ಕುಡಿದು, ಕೈಮುಗಿದು ಹೋದರು. ನಿಲ್ಲಿಸಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಸರ್, ನಮ್ಮ ಅಂಗಡೀನ ನಾವೇ ಮುಚ್ಚೋ ಅಂಗೆ ಮಾಡ್ಬುಟ್ರಲ್ಲ" ಎಂದೆ. ಅವರೊಂದಿಗೆ ನಾನು ದನಿಯೆತ್ತಿ ಮಾತಾಡಿದ್ದು ಅದೊಂದೇ ಸಲ.

ಅವರು ಲೋಟ ಎತ್ತಿಡುತ್ತ, "ಕೇಳಿದ್ರು, ನೋಡಿದ್ದು ಹೇಳ್ದೆ. ಹೋಗಿ ನೋಡ್ದೇ ಇದ್ದಿದ್ರೆ ಸುಳ್ಳು ಹೇಳ್ಬೋದಿತ್ತೇನೋ. ನೋಡ್ಬಿಟ್ಟೆನಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಿಂಗೆ ಬೇರೆ ಕಡೆ ಒಳ್ಳೇದು ಸಿಕ್ಕಿದ್ರೆ ನೋಡ್ಕೋಮ್ಮ, ನಂಗೆ ಬೇಜಾರಿಲ್ಲ" ಎಂದೂ ಸೇರಿಸಿದರು.

ಅಷ್ಟರಲ್ಲಾಗಲೇ ಪ್ರಕಾಶ ಬಿಟ್ಟುಹೋಗಿ ಮದುವೆ ವಿಡಿಯೋ ಮಾಡಿಕೊಂಡಿದ್ದ. ಆಫೀಸಿನಲ್ಲಿ ಉಳಿದವರು ನಾವಿಬ್ಬರೇ. ಕೇಬಲ್ ಚಾನೆಲ್ಲಿನವರು ಬಂದು, ದಸರಾದೊಳಗೆ ನೀವು ಜಾಹೀರಾತು ತಾರದಿದ್ದರೆ ನಿಮಗೆ ಕೊಟ್ಟಿರುವ ಸಂಜೆಯ ಹೊತ್ತನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಹೇಳಿಹೋಗಿದ್ದರು. ನಾನೂ ಗುಟ್ಟಾಗಿ ಎರಡು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೆ.

ಆಗ ಬಂದವರು ಇಬ್ರಾಹಿಂ ಸಾಹೇಬರು ಮತ್ತು ಅವರ ಮಗಳು ನಸ್ರೀನ್. ಮಂಡಿ ಮೊಹಲ್ಲಾದಲ್ಲಿ ಅವರದು ಹಾಸಿಗೆ ಅಂಗಡಿ, ಸಾಹೇಬರ ತಂದೆಯ ಕಾಲದ್ದು. ಬೂರುಗದ ಹತ್ತಿ, ಬಟ್ಟೆ, ಹೊಲಿಗೆ, ಎಲ್ಲ ಅಲ್ಲೇ. ಹಿಂದೆಂದೋ ಸರ್ ಅವರಿಗೊಂದು ಜಾಹೀರಾತು ಮಾಡಿಕೊಟ್ಟಿದ್ದರು. ಮದುಮಗಳೊಬ್ಬಳು ಹಾಸಿಗೆಯ ಮೇಲೆ ಕೂತು ನಗುವ ಆ ಚಿತ್ರ ಈಗಲೂ ಹಾಗೇ ಓಡುತ್ತಿತ್ತು. ಅಂಗಡಿಯನ್ನು ಈಗ ಮಗಳು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಟಿವಿ ನಿಲ್ಲಿಸಿ ಎಲ್ಲವನ್ನೂ ಫೋನಿಗೆ ಹಾಕಬೇಕೆಂದು ಆಸೆ. ಅಪ್ಪನಿಗೆ ಬಿಲ್‌ಕುಲ್ ಇಷ್ಟವಿಲ್ಲ. ಮನೆಯಲ್ಲಿ ಇತ್ಯರ್ಥವಾಗದೆ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬಂದಿದ್ದರು.

"ಸರ್, ನೀವೇ ಹೇಳಿ" ಎಂದಳು ನಸ್ರೀನ್. "ಟಿವಿ ಆ್ಯಡ್ ನೋಡಿ ಜನ ನಿಜವಾಗ್ಲೂ ಬರ್ತಾರಾ?"

"ಅವರನ್ನೇ ಕೇಳ್ತೀಯಲ್ಲ ಬೇಟಾ" ಎಂದರು ಸಾಹೇಬರು. "ಅವರ ಕೆಲಸಾನೇ ಅದು. ಬೇಡ ಅಂತಾರಾ ಅವರು?"

"ಟ್ಯೂಷನ್ ಮೇಷ್ಟ್ರಿಗೆ ಬೇಡ ಅಂದ್ರಂತೆ ಅಬ್ಬಾ. ಅವರ ಮಗಳು ನನ್ನ ಫ್ರೆಂಡು. ಅದಕ್ಕೇ ಇವರನ್ನೇ ಕೇಳ್ತಿರೋದು."

ಸರ್ ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. "ಹದಿನೈದು ದಿನ ಕೊಡಿ, ನೋಡ್ಕೊಂಡ್ ಬಂದು ಹೇಳ್ತೀನಿ" ಎಂದರು.

ಈ ಸಲ ನನ್ನನ್ನೂ ಜೊತೆಗೆ ಕರೆದೊಯ್ದರು. ಒಂಬತ್ತು ದಿನ ಒಂಬತ್ತು ಮನೆಯಲ್ಲಿ ಕೂತೆವು. ಎಲ್ಲ ಕಡೆ ಒಂದೇ ನೋಟ. ಟಿವಿ ಓಡುತ್ತಿದೆ, ತಲೆಗಳು ಬಗ್ಗಿವೆ. ಬ್ರೇಕ್ ಬಂದರೆ ಮೊದಲಿನ ಹಾಗೆ ರಿಮೋಟಿಗೂ ಕೈ ಹೋಗುತ್ತಿರಲಿಲ್ಲ, ಬ್ರೇಕ್ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಮದುಮಗಳು ಹಾಸಿಗೆಯ ಮೇಲೆ ಕೂತು ನಗುತ್ತಿದ್ದಳು, ನನ್ನ ಹೊರತು ನೋಡುವವರು ಯಾರೂ ಇರಲಿಲ್ಲ, ಸರ್ ಕೂಡ ಅವಳಿಗೆ ಬೆನ್ನು ಹಾಕಿದ್ದರು. ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ನಾನು, ಇದೂ ಹೋಯಿತು ಎಂದುಕೊಳ್ಳುತ್ತಿದ್ದೆ.

ಹತ್ತನೆಯ ಮನೆ ಸರ್ ಮನೆಯಿಂದ ಎರಡು ಮನೆಯಾಚೆ, ಗ್ಯಾರೇಜ್ ಶಿವಣ್ಣನದು. ಶಿವಣ್ಣ, ಅವನ ಹೆಂಡತಿ ರತ್ನ, ಕಾಲೇಜಿಗೆ ಹೋಗುವ ಮಗಳು ಸಿಂಚನ, ಮತ್ತೆ ಶಿವಣ್ಣನ ತಾಯಿ ಚೆಲುವಮ್ಮ. ಅಜ್ಜಿಯ ಕಣ್ಣು ಮಾತ್ರ ಟಿವಿಯ ಮೇಲಿತ್ತು, ಪೊರೆ ಬಂದ ಆ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ ತಿಳಿಯದು. ಉಳಿದ ಮೂವರೂ ಫೋನಿನಲ್ಲಿ. ಬ್ರೇಕ್ ಬಂತು. ಯಾವುದೋ ಬೇಳೆಯ ಜಾಹೀರಾತಿನಲ್ಲಿ ಕುಕ್ಕರ್ ಒಂದು ಸಲ ಕೂಗಿತು. ರತ್ನ ತಟ್ಟನೆ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದಳು. ಎದ್ದೇಬಿಟ್ಟಿದ್ದವಳು, ಒಲೆ ಹಚ್ಚಿಲ್ಲವೆಂಬುದು ನೆನಪಾಗಿ ಕೂತಳು. ಮತ್ತೆ ಫೋನು.

ಹೊರಗೆ ಬಂದ ಮೇಲೆ ಸರ್ ಸ್ಕೂಟರು ತೆಗೆಯಲಿಲ್ಲ. ಗೇಟಿನ ಹತ್ತಿರ ನಿಂತು, "ನೋಡ್ದ್ಯಾ?" ಎಂದರು.

"ಏನ್ ಸರ್?"

"ಕುಕ್ಕರ್ ಕೂಗಿದ್ದು ಟಿವಿಲಿ. ಆಯಮ್ಮ ಎದ್ದಿದ್ದು ಅಡುಗೆಮನೆಗೆ." ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಕಳೆ. "ಕಣ್ಣು ಫೋನಿಗೆ ಹೋಯ್ತು, ಸರಿ. ಕಿವಿ ಇನ್ನೂ ಮನೇಲೇ ಇದೆ ಕಣಮ್ಮ. ನಾವು ಇಷ್ಟು ದಿನ ಇಲ್ಲದೇ ಇರೋ ಕಣ್ಣಿಗೆ ತೋರಿಸ್ತಾ ಇದ್ವಿ."

ಮರುದಿನ ಬೆಳಿಗ್ಗೆಯೇ ಮಂಡಿ ಮೊಹಲ್ಲಾಕ್ಕೆ ಹೋದೆವು. ಹಾಸಿಗೆ ಅಂಗಡಿಯಲ್ಲಿ ಈಗ ಹತ್ತಿ ಹಿಂಜುವುದಕ್ಕೆ ಯಂತ್ರವಿದೆ. ಆದರೆ ಹಿಂದಿನ ಗೋಡೆಯ ಮೇಲೆ, ಮುಂಚೆ ಹಿಂಜುವವರು ಹೆಗಲಿಗೆ ಹಾಕಿಕೊಂಡು, ತಂತಿ ಮೀಟುತ್ತ ಬೀದಿಬೀದಿ ತಿರುಗುತ್ತಿದ್ದ ಬಿಲ್ಲೊಂದು ತೂಗುಹಾಕಿತ್ತು. ಸರ್ ಅದನ್ನು ತೋರಿಸಿ, "ಇದನ್ನ ಬಾರಿಸೋಕೆ ಬರೋರು ಯಾರಾದ್ರೂ ಇದ್ದಾರಾ?" ಎಂದರು. ಸಾಹೇಬರು ಅದನ್ನು ತಾವೇ ಕೆಳಗಿಳಿಸಿ, ಧೂಳು ಒರೆಸಿ, ತಂತಿ ಬಿಗಿದು, ಚಕ್ಕಳಮಕ್ಕಳ ಹಾಕಿ ಕೂತರು. ಮರದ ಕೊಡತಿಯಿಂದ ತಂತಿಗೆ ಹೊಡೆದರು. ಟೊಂಯ್, ಟೊಂಯ್, ಟ್ಟೊಂಯ್ ಎಂದು ಅಂಗಡಿಯೆಲ್ಲ ನಡುಗಿತು. ಹತ್ತಿ ಎದ್ದು ಹಾರಾಡಿತು. ಬೀದಿಯ ಎದುರಿನ ಮೆಣಸಿನಕಾಯಿ ಅಂಗಡಿಯವರು, ಗಾಡಿ ತಳ್ಳುವವರು, ಎಲ್ಲ ಬಾಗಿಲಿಗೆ ಬಂದು ನಿಂತರು. ನಸ್ರೀನ್ ಬಾಯಿ ತೆರೆದು ನೋಡುತ್ತಿದ್ದಳು.

"ಅಬ್ಬಾ, ನಿಮಗೆ ಇದು ಬರುತ್ತಾ?"

"ನಿಮ್ಮ ದಾದಾ, ನಮ್ಮ ಅಬ್ಬಾ ಜೊತೆ ಮೈಸೂರೆಲ್ಲ ತಿರುಗಿದೀನಲ್ಲಮ್ಮ" ಎಂದರು ಸಾಹೇಬರು, ಮೀಸೆಗಂಟಿದ ಹತ್ತಿ ಒರೆಸಿಕೊಳ್ಳುತ್ತ. "ನೀನು ಕೇಳಿರ್ಲಿಲ್ಲ, ನಾನು ಹೇಳಿರ್ಲಿಲ್ಲ."

ಜಾಹೀರಾತು ಇಷ್ಟೇ. ಮೊದಲಿಗೆ ಬರಿಯ ಬಿಲ್ಲಿನ ಸದ್ದು, ಸಂಗೀತವಿಲ್ಲ, ಮಾತಿಲ್ಲ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನನ್ನ ದನಿ: 'ಆಸಿಗೆ ಗಟ್ಟಿಯಾಗೈತಾ? ತಕೊಂಬನ್ನಿ, ಇಂಜಿಕೊಡ್ತೀವಿ.' ಕೊನೆಗೆ ಅಂಗಡಿಯ ಹೆಸರು, ಎರಡು ಸಲ. ಚಿತ್ರಕ್ಕೆ ಸಾಹೇಬರ ಕೈ ಮತ್ತು ಬಿಲ್ಲು ಮಾತ್ರ. ಮೂರು ದಿನ ರೆಕಾರ್ಡ್ ಮಾಡಿದೆವು, ಹತ್ತಿಯ ಎಳೆ ಮೂಗಿಗೆ ಹೋಗಿ ಸರ್ ಸೀನಿದ್ದರಿಂದ ಎರಡು ಸಲ ಮೊದಲಿನಿಂದ ಶುರುಮಾಡಬೇಕಾಯಿತು.

ಮೊದಲ ಸಲ ಅದು ಬರುವ ಸಂಜೆ ಸರ್ ನಸ್ರೀನಳನ್ನೂ ಕರೆದುಕೊಂಡು ಶಿವಣ್ಣನ ಮನೆಗೆ ಹೋದರು. ಅವಳು ಯಾರೆಂದು ಹೇಳಲಿಲ್ಲ, "ನಮ್ಮ ಪರಿಚಯದೋರ ಮಗಳು" ಎಂದಷ್ಟೇ ಹೇಳಿದರು. ನಾನು ಬಾಗಿಲ ಹತ್ತಿರ ಕೂತಿದ್ದೆ. ಒಂಬತ್ತು ಮನೆಯಲ್ಲಿ ಕಂಡದ್ದೇ ಇಲ್ಲೂ ಕಂಡರೆ, ನಾಳೆ ಸರ್ ಬಾಯಿಂದಲೇ ನಿಲ್ಲಿಸಿಬಿಡಿ ಎಂಬ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಅದರ ಹಿಂದೆ ಆಫೀಸಿನ ಬಾಗಿಲೂ ಮುಚ್ಚುತ್ತದೆ.

ಬ್ರೇಕ್ ಬಂತು. ಟೊಂಯ್, ಟೊಂಯ್.

ಶಿವಣ್ಣ ತಲೆಯೆತ್ತಿದ. ರತ್ನ ತಲೆಯೆತ್ತಿದಳು. ಸಿಂಚನ, ಒಂದು ಕಿವಿಯ ಇಯರ್‌ಫೋನ್ ತೆಗೆದು, "ಏನಿದು?" ಎಂದಳು. ಚೆಲುವಮ್ಮ ಟಿವಿಯನ್ನು ಬಿಟ್ಟು ಬೀದಿ ಬಾಗಿಲ ಕಡೆ ಕತ್ತು ತಿರುಗಿಸಿದರು.

"ಲೇ ರತ್ನಾ, ಇಂಜೋರು ಬಂದವ್ರೆ ನೋಡೇ. ಎಷ್ಟ್ ವರ್ಸ ಆಯ್ತು ಈ ಕಡೆ ಬಂದು. ನಿಲ್ಸು ನಿಲ್ಸು, ಒಂಟೋಗ್ಬುಟ್ಟಾರು."

"ಅತ್ತೆ, ಅದು ಟಿವಿಲಿ."

"ಟಿವಿಲಿ ಎಂಗೆ ಇಂಜ್ತಾರೆ? ಓಗಿ ನೋಡು ಅಂದ್ರೆ."

ಎಲ್ಲರೂ ನಕ್ಕರು. ಅಜ್ಜಿ ಬಿಡಲಿಲ್ಲ. ತನ್ನ ಹಾಸಿಗೆ ಕಲ್ಲಾಗಿದೆಯೆಂದೂ, ಯಾರೂ ಕೇಳುವವರಿಲ್ಲವೆಂದೂ, ಬೆನ್ನಿನ ನೋವು ಅದರಿಂದಲೇ ಎಂದೂ ಶುರುಮಾಡಿದರು. ಅಜ್ಜಿಯ ಬಾಯಿ ಮುಚ್ಚಿಸಲೋ ಏನೋ ಸಿಂಚನ, "ತಾಳಜ್ಜಿ, ಯಾವ ಅಂಗಡಿ ಅಂತ ನೋಡ್ತೀನಿ" ಎಂದು ಫೋನಿನಲ್ಲಿ ಹುಡುಕಿದಳು. ನಸ್ರೀನ್ ಎಂದೋ ಮಾಡಿಟ್ಟಿದ್ದ ಪುಟ ಸಿಕ್ಕಿತು. "ಮಂಡಿ ಮೊಹಲ್ಲಾ. ಮನೆಗೇ ಬಂದು ತಗೊಂಡು ಹೋಗ್ತಾರಂತೆ" ಎಂದು ಓದಿದಳು. ಎದುರಿಗೇ ಕೂತಿದ್ದ ನಸ್ರೀನ್ ತುಟಿ ಬಿಗಿಹಿಡಿದು, ನಗು ತಡೆಯಲಾರದೆ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

ಮೂರನೆಯ ದಿನ ಚೆಲುವಮ್ಮನ ಹಾಸಿಗೆ ಅಂಗಡಿಗೆ ಹೋಯಿತು. ಅವರದೊಂದೇ ಅಲ್ಲ. ಸರ್ ಎರಡು ವಾರ ಅಂಗಡಿಯಲ್ಲೇ ಕೂತು, ಬಂದವರನ್ನೆಲ್ಲ ಹೇಗೆ ತಿಳಿಯಿತೆಂದು ಕೇಳಿದರು. ಹೆಚ್ಚಿನವರ ಕಥೆ ಒಂದೇ ಬಗೆಯದು. ಮನೆಯ ಹಿರಿಯರು ಯಾರೋ ಸದ್ದು ಕೇಳಿ ಮಾತೆತ್ತಿದ್ದಾರೆ, ಕಿರಿಯರು ಫೋನಿನಲ್ಲಿ ಹುಡುಕಿದ್ದಾರೆ. ಅಪ್ಪ ಮಗಳಿಬ್ಬರೂ ತಾನೇ ಗೆದ್ದೆ ಎಂದುಕೊಂಡರು. ಸರ್ ಇಬ್ಬರಿಗೂ ಹೌದು ಎಂದರು. "ಟಿವಿ ಕೂಗಿ ಕರೆಯತ್ತೆ ಸಾಹೇಬ್ರೇ, ಫೋನು ದಾರಿ ತೋರಿಸತ್ತೆ. ಎರಡರಲ್ಲಿ ಒಂದನ್ನ ತೆಗೆದ್ರೆ ಅಜ್ಜಿ ಹಾಸಿಗೆ ಮನೇಲೇ ಇರತ್ತೆ."

ಇಲ್ಲಿಗೇ ನಿಂತಿದ್ದರೆ ಅವರು ಸಂಪತ್ ಸರ್ ಆಗುತ್ತಿರಲಿಲ್ಲ. ತಿಂಗಳಾದ ಮೇಲೆ ಮತ್ತೆ ನಾಲ್ಕು ಮನೆಗೆ ಹೋಗಿ ಕೂತು ಬಂದರು. ಸಾಹೇಬರಿಗೆ ಫೋನ್ ಮಾಡಿ, "ಮೂರು ವಾರ ತಲೆ ಎತ್ತಿದ್ರು. ಈಗ ಅಭ್ಯಾಸ ಆಗ್ಬುಟ್ಟಿದೆ, ಯಾರೂ ಎತ್ತಲ್ಲ. ಈಗ ನಿಲ್ಲಿಸಿ. ಮದುವೆ ಕಾಲಕ್ಕೆ ಮತ್ತೆ ಹಾಕೋಣ, ಅಷ್ಟರಲ್ಲಿ ಮರೆತಿರ್ತಾರೆ" ಎಂದರು. ಈ ಸಲ ನಾನು ಸಿಟ್ಟಾಗಲಿಲ್ಲ, ಫೋನು ಹಚ್ಚಿಕೊಟ್ಟವಳೇ ನಾನು. ಸಾಹೇಬರು ಆ ಕಡೆಯಿಂದ ನಕ್ಕದ್ದು ನನಗೂ ಕೇಳಿಸಿತು. ತಮಗೆ ಗೊತ್ತಿದ್ದ ಅಂಗಡಿಯವರಿಗೆಲ್ಲ ಅವರು ಈ ಮಾತು ಹೇಳಿಕೊಂಡು ಬಂದರು. ಬೇಡವಾದಾಗ ಬೇಡ ಅನ್ನುವ ಮನುಷ್ಯನೆಂದು ಜನ ಬಂದರು. ಬಳೆ ಅಂಗಡಿಯವರು ಬಂದರು, ಗಾಣದ ಎಣ್ಣೆಯವರು ಬಂದರು, ಮನೆಯಲ್ಲೇ ಹಪ್ಪಳ ಮಾಡುವ ಹೆಂಗಸರ ಗುಂಪೊಂದು ಬಂತು. ಹಪ್ಪಳ ಮುರಿಯುವ ಸದ್ದಿಗಾಗಿ ಒಂದು ಮಧ್ಯಾಹ್ನವೆಲ್ಲ ನಾವು ಹಪ್ಪಳ ತಿಂದೆವು. ದಸರಾ ಬಂದುಹೋಯಿತು, ಆಫೀಸಿನ ಬಾಗಿಲು ಮುಚ್ಚಲಿಲ್ಲ. ಅರ್ಜಿ ಹಾಕಿದ್ದ ಒಂದು ಕಡೆಯಿಂದ ಕರೆ ಬಂದಾಗ, ಬರುವುದಿಲ್ಲವೆಂದು ಹೇಳಿದೆ. ಫೋನಿಗೆ ಬೇಕಾದ ಸಣ್ಣ ವಿಡಿಯೋಗಳನ್ನು ಮಾಡುವುದನ್ನು ನಸ್ರೀನಳಿಂದ ಕಲಿತೆ. ಅವಳು ಈಗ ವಾರಕ್ಕೊಮ್ಮೆಯಾದರೂ ನಮ್ಮ ಆಫೀಸಿಗೆ ಬರುತ್ತಾಳೆ.

ಮಂಡಿ ನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದು ಕಷ್ಟವಾದಾಗ ಸರ್ ಆಫೀಸನ್ನು ನನ್ನ ಹೆಸರಿಗೆ ಮಾಡಿದರು. ಇನ್ನು ಮೇಲೆ ಬರುವುದಿಲ್ಲವೆಂದು ಹೇಳಿದವರು ಆರು ತಿಂಗಳು ನಿಜವಾಗಿಯೂ ಬರಲಿಲ್ಲ. ನಾನೇ ಭಾನುವಾರ ಸಿದ್ಧಾರ್ಥನಗರಕ್ಕೆ ಹೋಗಿ, ವಾರದಲ್ಲಿ ಆದದ್ದನ್ನೆಲ್ಲ ಒಪ್ಪಿಸಿ ಬರುತ್ತಿದ್ದೆ. ಅವರು ಎಲ್ಲಕ್ಕೂ ತಲೆಯಾಡಿಸಿ, ಇನ್ನೊಂದು ಲೋಟ ಕಾಫಿ ಬೇಕಾ ಎಂದು ಕೇಳುತ್ತಿದ್ದರು.

ಹೋದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದುಬಿಟ್ಟರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿ ಇಳಿದು ಹೋದೆ, ಕೈ ಹಿಡಿಯಲು ಬಿಡಲಿಲ್ಲ. ನಸ್ರೀನ್ ಇದ್ದಳು, ಕ್ಯಾಮೆರಾಕ್ಕೆ ಹೊಸದಾಗಿ ಸೇರಿದ್ದ ಕಾವ್ಯ ಇದ್ದಳು. ತಮ್ಮ ಹಳೆಯ ಮೇಜಿಗೆ ಹೋಗದೆ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತರು. ನಾನು ಬರೆದದ್ದನ್ನು ಮುಂದಿಟ್ಟೆ. "ಆಮೇಲೆ ನೋಡ್ತೀನಿ, ನೀನು ಕೆಲಸ ಮಾಡ್ಕೋಮ್ಮ" ಎಂದರು. ಅಷ್ಟರಲ್ಲಿ ಪಾತ್ರೆ ಅಂಗಡಿಯವರೊಬ್ಬರು ಬಂದು, ಟಿವಿಗೆ ಹಾಕಬೇಕೋ ಫೋನಿಗೆ ಹಾಕಬೇಕೋ ಎಂದು ಅದೇ ಹಳೆಯ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳುತ್ತ ಒಂದೆರಡು ಸಲ ಸರ್ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತ, ನಾವು ತರಿಸಿದ್ದ ಬೋಂಡ ತಿನ್ನುತ್ತಿದ್ದರು. ಗಿರಾಕಿ ಹೋದರು. ಇನ್ನೂ ಅರ್ಧ ಗಂಟೆ ಕೂತಿದ್ದು, "ಬರ್ತೀನಮ್ಮ" ಎಂದು ಎದ್ದರು. ನಾನು ಬರೆದದ್ದನ್ನು ಓದಲೇ ಇಲ್ಲ. ಏನಾದರೂ ಹೇಳುತ್ತಾರೆಂದು ಕಾದಿದ್ದ ನನಗೆ, ಹಿಡಿಸಲಿಲ್ಲವೇನೋ ಎಂಬ ಅಳುಕು ಉಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರು. ಒದ್ದಾಡಲಿಲ್ಲ, ಯಾರನ್ನೂ ಕಾಡಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಪದ್ಮಮ್ಮನವರನ್ನು ನೋಡಲು ಹೋದೆ. ಅಷ್ಟು ದಿನವೂ ಆಫೀಸು ತೆಗೆದಿರಲಿಲ್ಲ. ಅವರೇ ಕೇಳಿದರು, "ಯಾಕೆ ಬಾಗಿಲು ಹಾಕಿದೀಯ?" ಅಂದು ಸರ್ ಬಂದದ್ದು, ನನ್ನ ಬರವಣಿಗೆ ನೋಡದೆ ಹೋದದ್ದು, ಎಲ್ಲ ಹೇಳಿ ಅತ್ತುಬಿಟ್ಟೆ.

ಪದ್ಮಮ್ಮನವರು ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಅಯ್ಯೋ ಹುಚ್ಚಿ" ಎಂದರು. "ಅವತ್ತು ಚಪ್ಪಲಿ ಬಿಡ್ತಾ ಬಿಡ್ತಾನೇ ಹೇಳಿದ್ರು ಕಣೇ. 'ಪದ್ಮಾ, ಇವತ್ತು ಅಲ್ಲಿ ನಂಗೆ ಮಾಡೋಕೆ ಏನೂ ಕೆಲಸಾನೇ ಇರ್ಲಿಲ್ಲ. ಸುಮ್ನೆ ಕೂತಿದ್ದು ಬಂದೆ. ಎಷ್ಟು ಹಿತವಾಗಿತ್ತು ಗೊತ್ತಾ' ಅಂತ. ಊಟಕ್ಕೆ ಕೂತಾಗ ಇನ್ನೊಂದ್ಸಲ ಹೇಳಿದ್ರು. ಮಾರನೇ ದಿನ ಹಾಲಿನವನ್ನ ನಿಲ್ಲಿಸ್ಕೊಂಡು ಅವನಿಗೂ ಹೇಳಿದ್ರು."

ಅವರ ಕೈಯ ಕಾಫಿ ಕುಡಿದು, ಮಧ್ಯಾಹ್ನವೇ ಹೋಗಿ ಆಫೀಸಿನ ಬಾಗಿಲು ತೆಗೆದೆ.